ಮೊದಲ ದಿನವೇ ಸಿಟಿ ಸ್ಕ್ಯಾನ್ ಯಾಕೆ ಬೇಡ? ಪ್ಯಾಂಕ್ರಿಯಾಸ್ ಊತದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ಅಂಗದ ಬಗ್ಗೆ. ಮೇದೋಜೀರಕ ಗ್ರಂಥಿ, ಆಸ್ಪತ್ರೆಯಲ್ಲಿ ಎಲ್ಲರೂ ಹೇಳುವ ಪ್ಯಾಂಕ್ರಿಯಾಸ್. ಅದಕ್ಕೆ ಊತ ಬಂದರೆ ಪ್ಯಾಂಕ್ರಿಯಾಟೈಟಿಸ್. ನಾನು ದಿನವಿಡೀ ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವ ಡಾಕ್ಟರ್, ಹಾಗಾಗಿ ಇಲ್ಲಿ ಸ್ಕ್ಯಾನಿನ ಮಾತಷ್ಟೇ. ಮಾತ್ರೆ, ಪಥ್ಯ ಎಲ್ಲ ನಿಮ್ಮನ್ನು ನೋಡುತ್ತಿರುವ ಡಾಕ್ಟರನ್ನೇ ಕೇಳಿ. ಇನ್ನೊಂದು ಮಾತು. ಸುಮಾರು ಜನ ರಿಪೋರ್ಟಿನ ಕೊನೆಯ ಎರಡು ಸಾಲಿನ ಫೋಟೋ ತೆಗೆದು ಕಳಿಸಿ 'ಇದು ಡೇಂಜರಾ?' ಅಂತ ಕೇಳಿದ್ದಾರೆ. ನೋವು ಶುರುವಾದದ್ದು ಯಾವತ್ತು, ಸ್ಕ್ಯಾನ್ ಆದದ್ದು ಯಾವತ್ತು ಅಂತ ಬರೆದವರು ತೀರಾ ಕಮ್ಮಿ. ಅದು ಗೊತ್ತಿಲ್ಲದೆ ಆ ಎರಡು ಸಾಲಿನಿಂದ ನನಗೂ ಏನೂ ಹೊಳೆಯುವುದಿಲ್ಲ. ಯಾಕೆ ಅಂತ ಮೊದಲ ಎರಡು ಉತ್ತರ ಓದಿದರೆ ತಿಳಿಯುತ್ತದೆ.

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಒಂದು ರಾತ್ರಿ ಇದ್ದಕ್ಕಿದ್ದಂತೆ ಹೊಟ್ಟೆಯ ಮೇಲ್ಭಾಗದಲ್ಲಿ ವಿಪರೀತ ನೋವು, ಬೆನ್ನಿಗೂ ಹರಡಿತು, ವಾಂತಿ ಬೇರೆ. ಅಡ್ಮಿಟ್ ಮಾಡಿದೆವು. ರಕ್ತದಲ್ಲಿ ಲೈಪೇಸ್ 1,800 ಬಂತು, ಪ್ಯಾಂಕ್ರಿಯಾಟೈಟಿಸ್ ಅಂದರು. ಅಲ್ಟ್ರಾಸೌಂಡ್ ಮಾಡಿ 'ಗ್ಯಾಸ್ ಇರುವುದರಿಂದ ಪ್ಯಾಂಕ್ರಿಯಾಸ್ ಕಾಣುತ್ತಿಲ್ಲ' ಅಂತ ಬರೆದಿದ್ದಾರೆ. ಸಿಟಿ ಮಾಡಿ ಅಂದರೆ 'ಈಗ ಬೇಡ, ಬೇಕಾದರೆ ನಾಲ್ಕನೇ ದಿನ ನೋಡೋಣ' ಅನ್ನುತ್ತಾರೆ. ಕಾಯಿಲೆ ಇರುವ ಅಂಗವನ್ನೇ ನೋಡದೆ ಚಿಕಿತ್ಸೆ ಕೊಡುವುದು ಸರಿಯಾ ಡಾಕ್ಟರೇ? — ಮಂಜುಳಾ

ಉತ್ತರ: ಸರಿ ಮಂಜುಳಾ ಅವರೇ. ಈ ಸಂಚಿಕೆ ನಿಮ್ಮ ಕೈಗೆ ಬರುವಷ್ಟರಲ್ಲಿ ತಂದೆಯವರು ಮನೆಗೆ ಬಂದಿರಲಿ.

ಈ ಕಾಯಿಲೆಯನ್ನು ಗುರುತಿಸಲು ಜಗತ್ತಿನಾದ್ಯಂತ ಡಾಕ್ಟರುಗಳು ಒಪ್ಪಿಕೊಂಡಿರುವ ಒಂದು ಲೆಕ್ಕ ಇದೆ. 1992ರಲ್ಲಿ ಅಟ್ಲಾಂಟಾದಲ್ಲಿ ಸೇರಿ ಮಾಡಿದ ವಿಂಗಡಣೆಯನ್ನು 2012ರಲ್ಲಿ ತಿದ್ದಿದರು, ಈಗ ಎಲ್ಲರೂ ಬಳಸುವುದು ಅದನ್ನೇ. ಒಂದು, ಮೇಲ್ಹೊಟ್ಟೆಯಲ್ಲಿ ಶುರುವಾಗಿ ಸಾಮಾನ್ಯವಾಗಿ ಬೆನ್ನಿಗೆ ಹೋಗುವ ಜೋರಾದ ನೋವು. ಎರಡು, ರಕ್ತದಲ್ಲಿ ಲೈಪೇಸ್ ಅಥವಾ ಅಮೈಲೇಸ್, ಅಂದರೆ ಪ್ಯಾಂಕ್ರಿಯಾಸಿನ ರಸದಲ್ಲಿ ಇರುವ ಜೀರ್ಣಕಾರಿ ಕಿಣ್ವಗಳು, ನಾರ್ಮಲ್ ಮಿತಿಯ ಮೂರು ಪಟ್ಟಾದರೂ ಇರಬೇಕು. ಮೂರು, ಸ್ಕ್ಯಾನಿನಲ್ಲಿ ಊತ ಕಾಣಬೇಕು. ಈ ಮೂರರಲ್ಲಿ ಎರಡು ಸಿಕ್ಕರೆ ಸಾಕು, ರೋಗ ಖಚಿತ. ನಿಮ್ಮ ತಂದೆಗೆ ಮೊದಲ ಎರಡೂ ಸ್ಪಷ್ಟವಾಗಿ ಇದ್ದವು. ಸಿಟಿ ಮಾಡಿಸಿದ್ದರೆ ಅದು ಮೂರನೇ ಸಾಕ್ಷಿ ಆಗುತ್ತಿತ್ತು ಅಷ್ಟೇ, ಅವತ್ತಿನ ಚಿಕಿತ್ಸೆ ಒಂದು ಚೂರೂ ಬದಲಾಗುತ್ತಿರಲಿಲ್ಲ. ಡ್ರಿಪ್, ನೋವಿಗೆ ಔಷಧಿ, ಮೂತ್ರ ಎಷ್ಟು ಬರುತ್ತಿದೆ, ಉಸಿರು ಹೇಗಿದೆ ಅಂತ ಗಮನ. ಮೊದಲೆರಡು ದಿನದ ಕೆಲಸ ಇದೇ.

ಹಾಗಾದರೆ ಅಲ್ಟ್ರಾಸೌಂಡ್ ಯಾಕೆ ಮಾಡಿದರು? ಅದರಲ್ಲಿ ಅವರು ಹುಡುಕಿದ್ದು ಪ್ಯಾಂಕ್ರಿಯಾಸನ್ನೇ ಅಲ್ಲ. ಇದನ್ನು ಯಾರೂ ರೋಗಿಯ ಮನೆಯವರಿಗೆ ಬಿಡಿಸಿ ಹೇಳುವುದಿಲ್ಲ, ಅಲ್ಲೇ ಗೊಂದಲ ಹುಟ್ಟುವುದು. ಈ ಗ್ರಂಥಿ ಇರುವುದು ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ, ತುಂಬ ಆಳದಲ್ಲಿ. ಉದ್ದ ಹೆಚ್ಚೂಕಮ್ಮಿ 15 ಸೆಂಟಿಮೀಟರ್. ಅದರ ಮುಂದೆ ಜಠರ, ಕರುಳು. ಅಲ್ಟ್ರಾಸೌಂಡಿನ ಶಬ್ದದ ಅಲೆ ಗಾಳಿಯನ್ನು ದಾಟುವುದಿಲ್ಲ. ಪ್ಯಾಂಕ್ರಿಯಾಸಿಗೆ ಊತ ಬಂದಾಗ ಅಕ್ಕಪಕ್ಕದ ಕರುಳು ಕೆಲಸ ನಿಲ್ಲಿಸಿ ಗಾಳಿ ತುಂಬಿಕೊಂಡು ಕೂರುತ್ತದೆ. ಅಂದರೆ ನೋಡಲೇಬೇಕಾದ ದಿನವೇ ಅದು ಕಾಣುವುದಿಲ್ಲ. 'ಗ್ಯಾಸ್ ಇದೆ, ಕಾಣುತ್ತಿಲ್ಲ' ಅನ್ನುವ ಸಾಲನ್ನು ನಾನೂ ಬರೆಯುತ್ತಲೇ ಇರುತ್ತೇನೆ, ಸೋಮಾರಿತನದಿಂದಲ್ಲ.

ಅಲ್ಟ್ರಾಸೌಂಡ್ ಹುಡುಕುವುದು ಪಿತ್ತಕೋಶದ ಕಲ್ಲನ್ನು. ಈ ಕಾಯಿಲೆಗೆ ಎರಡು ದೊಡ್ಡ ಕಾರಣಗಳು ಪಿತ್ತಕೋಶದ ಕಲ್ಲು ಮತ್ತು ಮದ್ಯ. ಕಲ್ಲು ಜಾರಿ ಕೆಳಗೆ ಬಂದು ಪಿತ್ತನಾಳದ ಬಾಯಿಗೆ ಸಿಕ್ಕಿಕೊಂಡರೆ ಪ್ಯಾಂಕ್ರಿಯಾಸಿನ ರಸಕ್ಕೂ ದಾರಿ ಕಟ್ಟುತ್ತದೆ, ಯಾಕೆಂದರೆ ಇಬ್ಬರಿಗೂ ಹೊರಗೆ ಬರಲು ಬಾಗಿಲು ಹೆಚ್ಚಾಗಿ ಒಂದೇ. ಪಿತ್ತಕೋಶದಲ್ಲಿ ಕಲ್ಲಿದೆಯಾ, ಪಿತ್ತನಾಳ ಹಿಗ್ಗಿದೆಯಾ ಅಂತ ಹೇಳಲು ಅಲ್ಟ್ರಾಸೌಂಡ್ ಸಾಕಷ್ಟು ಚೆನ್ನಾಗಿದೆ. ಕೆಲವು ಕಲ್ಲು ಸಿಟಿಯಲ್ಲಿ ಕಾಣುವುದೇ ಇಲ್ಲ, ಅಲ್ಟ್ರಾಸೌಂಡಿನಲ್ಲಿ ಎದ್ದು ಕಾಣುತ್ತವೆ. ಹಾಗಾಗಿ ನಿಮ್ಮ ತಂದೆಯ ರಿಪೋರ್ಟಿನಲ್ಲಿ ಪಿತ್ತಕೋಶದ ಬಗ್ಗೆ ಏನು ಬರೆದಿದೆ ಅಂತ ನೋಡಿ. ಮೊದಲ ದಿನ ಕಲ್ಲು ಕಾಣದಿದ್ದರೂ ನೋವು ಇಳಿದ ಮೇಲೆ ಇನ್ನೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕು. ಅದನ್ನು ಮಾತ್ರ ನೀವೇ ನೆನಪಿಸಿ ಕೇಳಿ, ಡಿಸ್ಚಾರ್ಜಿನ ಗಡಿಬಿಡಿಯಲ್ಲಿ ಬಿಟ್ಟುಹೋಗುವ ಕೆಲಸ ಅದು.

ಮೊದಲ ದಿನವೇ ಸಿಟಿ ಬೇಕಾಗುವ ಸಂದರ್ಭವೂ ಇದೆ. ನೋವು ಇದೆ, ಲೈಪೇಸ್ ಅಷ್ಟೇನೂ ಏರಿಲ್ಲ, ಜಠರ ತೂತಾಗಿರಬಹುದಾ, ಕರುಳಿಗೆ ರಕ್ತ ಹೋಗುತ್ತಿಲ್ಲವಾ ಅಂತ ಅನುಮಾನ ಇದ್ದರೆ ಕಾಯಬಾರದು, ತಕ್ಷಣ ಮಾಡಬೇಕು. ರೋಗ ಯಾವುದು ಅನ್ನುವುದೇ ಗೊತ್ತಿಲ್ಲದಾಗ ಸಿಟಿ ಬೇಕು. ಗೊತ್ತಿದ್ದಾಗ ಕಾಯಬಹುದು.

ಪ್ರಶ್ನೆ: ತಮ್ಮನಿಗೆ ಪ್ಯಾಂಕ್ರಿಯಾಟೈಟಿಸ್ ಆಗಿ ಮೊದಲ ದಿನವೇ ಸಿಟಿ ಆಯಿತು. 'ಸ್ವಲ್ಪ ಊತ ಇದೆ, ನೆಕ್ರೋಸಿಸ್ ಇಲ್ಲ, ಸ್ಕೋರ್ 2' ಅಂದರು. ನಾವು ನಿರಾಳವಾದೆವು. ಜ್ವರ, ನೋವು ಇಳಿಯಲಿಲ್ಲ ಅಂತ ಏಳನೇ ದಿನ ಬೇರೆ ಆಸ್ಪತ್ರೆಯಲ್ಲಿ ಮತ್ತೆ ಮಾಡಿದರೆ '40 ಪರ್ಸೆಂಟ್ ನೆಕ್ರೋಸಿಸ್, ಸ್ಕೋರ್ 8' ಅಂತ ಬಂತು! ಮೊದಲಿನವರು ತಪ್ಪು ಓದಿದರಾ? ಅವರನ್ನು ಕೇಳಬೇಕು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. — ಪ್ರಕಾಶ್

ಉತ್ತರ: ಕೇಳಲು ಹೋಗುವ ಮುಂಚೆ ಇದನ್ನು ಓದಿ. ಎರಡು ರಿಪೋರ್ಟೂ ಸರಿಯಾಗಿರಬಹುದು, ಮತ್ತು ಹಾಗೆ ಇರುವ ಸಾಧ್ಯತೆಯೇ ಜಾಸ್ತಿ.

ಸಿಟಿ ಮಾಡುವಾಗ ಕೈಯ ನರಕ್ಕೆ ಕಾಂಟ್ರಾಸ್ಟ್ ಅನ್ನುವ ದ್ರವ ಬಿಡುತ್ತಾರೆ. ಅದರಲ್ಲಿ ಅಯೋಡಿನ್ ಇರುತ್ತದೆ. ರಕ್ತ ಎಲ್ಲೆಲ್ಲಿ ಹರಿಯುತ್ತದೋ ಅಲ್ಲೆಲ್ಲ ಅದೂ ಹೋಗಿ ಆ ಜಾಗ ಪರದೆಯ ಮೇಲೆ ಬೆಳ್ಳಗೆ ಕಾಣುತ್ತದೆ. ಪ್ಯಾಂಕ್ರಿಯಾಸಿಗೆ ರಕ್ತ ಧಾರಾಳವಾಗಿ ಹರಿಯುತ್ತದೆ. ಹಾಗಾಗಿ ದ್ರವ ಬಿಟ್ಟು ಸುಮಾರು 40 ಸೆಕೆಂಡಿನ ಹೊತ್ತಿಗೆ ಚಿತ್ರ ತೆಗೆದರೆ ಆರೋಗ್ಯವಾದ ಗ್ರಂಥಿ ಒಂದೇ ಸಮನಾಗಿ ತಿಳಿ ಬಣ್ಣದಲ್ಲಿ ಬೆಳಗುತ್ತದೆ, ಅದರ ಹಿಂಬದಿಯಲ್ಲಿ ಗುಲ್ಮದಿಂದ ಬರುವ ರಕ್ತನಾಳ ಅಡ್ಡಕ್ಕೆ ಹಾದುಹೋಗಿರುತ್ತದೆ, ಸುತ್ತಲಿನ ಕೊಬ್ಬು ಕಪ್ಪಗೆ ಸ್ವಚ್ಛವಾಗಿರುತ್ತದೆ. ಬರೀ ಊತ ಬಂದಿದ್ದರೆ ಗ್ರಂಥಿ ದಪ್ಪಗಾಗುತ್ತದೆ, ಅಂಚು ಮಸುಕಾಗುತ್ತದೆ, ಆ ಕಪ್ಪು ಕೊಬ್ಬಿನೊಳಗೆ ಬೂದು ಗೆರೆಗಳು ಏಳುತ್ತವೆ. ಆದರೂ ಗ್ರಂಥಿ ಮಾತ್ರ ಬೆಳಗುತ್ತಲೇ ಇರುತ್ತದೆ. ರಕ್ತ ನಿಂತು ಸತ್ತುಹೋದ ಭಾಗ ಇದೆ ನೋಡಿ, ಅದು ಬೆಳಗುವುದಿಲ್ಲ. ಪಕ್ಕದಲ್ಲಿ ಬಿಳಿ, ಮಧ್ಯೆ ಒಂದು ಕಡು ಬೂದು ಪಟ್ಟಿ, ಮತ್ತೆ ಬಿಳಿ. ಅದೇ ನೆಕ್ರೋಸಿಸ್. ಈ ಕಾಯಿಲೆ ಬಂದವರಲ್ಲಿ ಬಹುಪಾಲು ಜನಕ್ಕೆ ಬರೀ ಊತ ಬಂದು ಇಳಿದುಹೋಗುತ್ತದೆ, ನೆಕ್ರೋಸಿಸ್ ಆಗುವುದು ಕೆಲವರಿಗೆ ಮಾತ್ರ.

ಈಗ ಮುಖ್ಯ ವಿಷಯ. ನೋವು ಬಂದ ಗಂಟೆಯಲ್ಲೇ ಈ ಪಟ್ಟಿ ಮೂಡಿರುವುದಿಲ್ಲ. ಮರದಿಂದ ಕಡಿದ ಕೊಂಬೆಯ ಎಲೆ ಅವತ್ತೇ ಬಾಡುತ್ತದಾ? ಒಂದೆರಡು ದಿನ ಹಸಿರಾಗೇ ಕಾಣುತ್ತದೆ, ಹಾಗೆ. ಗ್ರಂಥಿಯ ಸಣ್ಣ ರಕ್ತನಾಳಗಳು ಒಂದೊಂದಾಗಿ ಕಟ್ಟಿಕೊಳ್ಳುತ್ತಾ ಹೋಗಿ, ಯಾವ ಭಾಗ ಉಳಿಯಿತು ಯಾವ ಭಾಗ ಹೋಯಿತು ಅನ್ನುವುದು ಸ್ಪಷ್ಟವಾಗಲು ಮೂರು ನಾಲ್ಕು ದಿನ ಬೇಕು. ಅದಕ್ಕೇ ನೋವು ಶುರುವಾಗಿ 72ರಿಂದ 96 ಗಂಟೆ ಕಳೆದ ಮೇಲೆ ಸಿಟಿ ಮಾಡಿದರೆ ಒಳ್ಳೆಯದು ಅನ್ನುವುದು. ಮಂಜುಳಾ ಅವರ ಡಾಕ್ಟರ್ 'ನಾಲ್ಕನೇ ದಿನ' ಅಂದದ್ದೂ ಇದೇ ಲೆಕ್ಕದಲ್ಲಿ. ಗಮನಿಸಿ, ಆಸ್ಪತ್ರೆಗೆ ಸೇರಿದ ಗಂಟೆಯಿಂದಲ್ಲ, ನೋವು ಶುರುವಾದ ಗಂಟೆಯಿಂದ ಎಣಿಸಬೇಕು. ಎರಡು ದಿನ ಮನೆಯಲ್ಲೇ ನೋವು ತಡೆದುಕೊಂಡು ಆಮೇಲೆ ಬಂದವರ ಗಡಿಯಾರ ಆಗಲೇ ಓಡಿರುತ್ತದೆ.

ಮೊದಲ ದಿನದ ಸಿಟಿಯ ತೊಂದರೆ ಅದು ತಪ್ಪು ಹೇಳಿತು ಅನ್ನುವುದಲ್ಲ, 'ನೆಕ್ರೋಸಿಸ್ ಇಲ್ಲ' ಅನ್ನುವ ಮಾತನ್ನು ನೀವೆಲ್ಲ 'ಇನ್ನು ಬರುವುದಿಲ್ಲ' ಅಂತ ಕೇಳಿಸಿಕೊಂಡದ್ದು. ರಿಪೋರ್ಟ್ ಬರೆಯುವ ನಮ್ಮ ಕಡೆಯೂ ಕೊರತೆ ಇದೆ. 'ಇದು ನೋವು ಶುರುವಾದ ಮೊದಲ ದಿನದ ಚಿತ್ರ, ಮುಂದೆ ಬದಲಾಗಬಹುದು' ಅಂತ ಒಂದು ಸಾಲು ಸೇರಿಸಿದರೆ ಅರ್ಧ ಜಗಳ ತಪ್ಪುತ್ತದೆ.

ಸ್ಕೋರಿನ ಬಗ್ಗೆ. 1990ರಲ್ಲಿ ಬಾಲ್ತಜಾರ್ ಮತ್ತು ಅವರ ಜೊತೆಗಾರರು ಮಾಡಿದ ಲೆಕ್ಕ ಅದು, ಹತ್ತಕ್ಕೆ ಇಷ್ಟು ಅಂತ. ಊತ ಮತ್ತು ಸುತ್ತ ಕೂಡಿದ ನೀರಿಗೆ 4ರವರೆಗೆ ಅಂಕ, ಸತ್ತ ಭಾಗಕ್ಕೆ 6ರವರೆಗೆ. ನಿಮ್ಮ ತಮ್ಮನ ಮೊದಲ ಚಿತ್ರದಲ್ಲಿ ಸುತ್ತಲಿನ ಕೊಬ್ಬಿಗೂ ಊತ ಹಬ್ಬಿತ್ತು, ಅದಕ್ಕೆ 2. ನೆಕ್ರೋಸಿಸ್ ಇಲ್ಲ, ಸೊನ್ನೆ. ಏಳನೇ ದಿನ ಎರಡು ಅಥವಾ ಜಾಸ್ತಿ ಕಡೆ ನೀರು ಕೂಡಿದೆ, 4. ಸತ್ತ ಭಾಗ ಶೇಕಡಾ 30 ಮತ್ತು 50ರ ನಡುವೆ, ಇನ್ನೊಂದು 4. ಒಟ್ಟು 8. ಈ 8 ಕೇಳಿ ಹೆದರಿಕೆ ಆಗುವುದು ಸಹಜ, ಲಘುವಾಗಿ ತೆಗೆದುಕೊಳ್ಳಿ ಅಂತ ನಾನೂ ಹೇಳುವುದಿಲ್ಲ. ಆದರೆ ಕಾಯಿಲೆ ಎಷ್ಟು ತೀವ್ರ ಅನ್ನುವುದನ್ನು ಈಗ ಅಳೆಯುವುದು ಮುಖ್ಯವಾಗಿ ಶ್ವಾಸಕೋಶ, ಕಿಡ್ನಿ, ರಕ್ತದೊತ್ತಡ ಕೈಕೊಟ್ಟಿವೆಯಾ, ಕೊಟ್ಟಿದ್ದರೆ 48 ಗಂಟೆ ದಾಟಿಯೂ ಸರಿಹೋಗಿಲ್ಲವಾ ಅನ್ನುವುದರ ಮೇಲೆ. ಸ್ಕೋರ್ 8 ಇದ್ದೂ ಕೂತು ಮಾತಾಡುವ ರೋಗಿಗಳಿದ್ದಾರೆ, ಸ್ಕೋರ್ 3 ಇದ್ದು ವೆಂಟಿಲೇಟರ್ ಮೇಲೆ ಇರುವವರೂ ಇದ್ದಾರೆ. ಐಸಿಯು ಡಾಕ್ಟರನ್ನು ಕೇಳಬೇಕಾದದ್ದು 'ಸ್ಕೋರ್ ಎಷ್ಟು' ಅಂತಲ್ಲ. 'ಆಕ್ಸಿಜನ್ ಎಷ್ಟು ಬೇಕಾಗುತ್ತಿದೆ, ಮೂತ್ರ ಬರುತ್ತಿದೆಯಾ' ಅಂತ ಕೇಳಿ.

ಪ್ರಶ್ನೆ: ಲೈಪೇಸ್ 4,000 ಇದ್ದದ್ದು 600ಕ್ಕೆ ಇಳಿದಿದೆ. ಊತವೂ ಅಷ್ಟೇ ಇಳಿದಿದೆ ಅಂತ ಅಲ್ವಾ? — ಹೆಸರು ಬೇಡ

ಉತ್ತರ: ಅಲ್ಲ. ಲೈಪೇಸ್ ರೋಗ ಇದೆಯಾ ಅಂತ ಹೇಳುತ್ತದೆ, ಎಷ್ಟಿದೆ ಅಂತ ಹೇಳುವುದಿಲ್ಲ. ದಿನಾ ಅದನ್ನು ಚೆಕ್ ಮಾಡಿಸಿ ಗ್ರಾಫ್ ಹಾಕುವುದು ಸುಮ್ನೆ ರಕ್ತ ದಂಡ.

ಪ್ರಶ್ನೆ: ಅಮ್ಮನಿಗೆ 66 ವರ್ಷ, ಶುಗರ್ ಇದೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಪ್ಯಾಂಕ್ರಿಯಾಟೈಟಿಸ್ ಆಗಿ ಐದು ದಿನ ಆಯಿತು, ಕ್ರಿಯಾಟಿನಿನ್ 1.6. ಕಾಂಟ್ರಾಸ್ಟ್ ಹಾಕಿ ಸಿಟಿ ಮಾಡಬೇಕಂತೆ. ಕಿಡ್ನಿ ಹಾಳಾಗುತ್ತದೆ ಅಂತ ನೆಂಟರು ಹೆದರಿಸುತ್ತಿದ್ದಾರೆ. ರೇಡಿಯೇಷನ್ ಬೇರೆ. ಕಾಂಟ್ರಾಸ್ಟ್ ಇಲ್ಲದೆ ಮಾಡಿಸಬಹುದಾ? — ರೇಖಾ

ಉತ್ತರ: ಮಾಡಿಸಬಹುದು, ಆದರೆ ಬೇಕಾದ ಉತ್ತರ ಸಿಗುವುದಿಲ್ಲ. ಮೇಲಿನ ಉತ್ತರದಲ್ಲಿ ಹೇಳಿದ ಆ ಬಿಳಿ, ಬೂದು ವ್ಯತ್ಯಾಸ ಹುಟ್ಟುವುದೇ ಕಾಂಟ್ರಾಸ್ಟಿನಿಂದ. ಅದಿಲ್ಲದ ಸಿಟಿಯಲ್ಲಿ ನೀರು ಕೂಡಿರುವುದು ಕಾಣುತ್ತದೆ, ಗಾಳಿಯ ಗುಳ್ಳೆ ಕಾಣುತ್ತದೆ, ಬದುಕಿದ ಭಾಗ ಯಾವುದು ಸತ್ತದ್ದು ಯಾವುದು ಅಂತ ನೆಟ್ಟಗೆ ಹೇಳಲಾಗುವುದಿಲ್ಲ.

ಕಿಡ್ನಿಯ ಭಯ ಪೂರ್ತಿ ಸುಳ್ಳಲ್ಲ, ಆದರೆ ಹಿಂದೆ ಅಂದುಕೊಂಡಿದ್ದಷ್ಟು ದೊಡ್ಡದೂ ಅಲ್ಲ. ಕ್ರಿಯಾಟಿನಿನ್ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನ ಮಾಡುವುದಿಲ್ಲ. ಅದರಿಂದ ವಯಸ್ಸಿಗೆ ತಕ್ಕಂತೆ ಇಜಿಎಫ್‌ಆರ್ ಅಂತ, ಅಂದರೆ ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತಿದೆ ಅಂತ ಲೆಕ್ಕ ಹಾಕುತ್ತಾರೆ. ಅದು 30ಕ್ಕಿಂತ ಕೆಳಗೆ ಇದ್ದರೆ, ಅಥವಾ ಕಿಡ್ನಿ ಈಗಷ್ಟೇ ಏಟು ತಿಂದು ಕ್ರಿಯಾಟಿನಿನ್ ದಿನದಿನಕ್ಕೆ ಏರುತ್ತಿದ್ದರೆ ಹುಷಾರಾಗಿರಬೇಕು. ಈ ಎರಡನೆಯದೇ ಮುಖ್ಯ. ಅಮ್ಮನಿಗೆ ಮೊದಲಿಂದಲೂ 1.6 ಇತ್ತಾ, ಅಥವಾ ಮೊದಲ ದಿನ 0.9 ಇದ್ದದ್ದು ಈಗ 1.6 ಆಗಿದೆಯಾ? ಅದನ್ನು ನೀವು ಬರೆದಿಲ್ಲ. ಪ್ಯಾಂಕ್ರಿಯಾಟೈಟಿಸ್‌ನಲ್ಲಿ ದೇಹದ ನೀರೆಲ್ಲ ರಕ್ತನಾಳದಿಂದ ಸೋರಿ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ, ಕಿಡ್ನಿಗೆ ರಕ್ತ ಸಾಲದೆ ಕ್ರಿಯಾಟಿನಿನ್ ಏರುತ್ತದೆ. ಡ್ರಿಪ್ ಸರಿಯಾಗಿ ಕೊಟ್ಟ ಮೇಲೆ ಅದು ಇಳಿಯುತ್ತಿದ್ದರೆ ಒಂದು ದಿನ ಕಾದು ಸಿಟಿ ಮಾಡುವುದು ಜಾಣತನ. ಏರುತ್ತಲೇ ಇದ್ದರೆ ಕಾಂಟ್ರಾಸ್ಟ್ ಇಲ್ಲದ ಎಂಆರ್‌ಐ ಒಂದು ದಾರಿ. ಇಂಥ ಹೊತ್ತಿನಲ್ಲಿ ಮೆಟ್‌ಫಾರ್ಮಿನ್ ನಿಲ್ಲಿಸುವುದೇ ವಾಡಿಕೆ, ಮತ್ತೆ ಶುರು ಮಾಡುವುದು ಕಿಡ್ನಿ ಸರಿ ಇದೆ ಅಂತ ನೋಡಿದ ಮೇಲೆ.

ಅಮ್ಮನಿಗೆ ಮೊದಲೇ ಹೇಳಿಡಿ: ಕಾಂಟ್ರಾಸ್ಟ್ ಒಳಗೆ ಹೋಗುವಾಗ ಮೈಯೆಲ್ಲ ಬಿಸಿಯಾಗುತ್ತದೆ, ಬಾಯಲ್ಲಿ ಲೋಹದ ರುಚಿ, ಮೂತ್ರ ಹೋಗಿಬಿಟ್ಟಿತೇನೋ ಅನ್ನಿಸುತ್ತದೆ. ಏನೂ ಆಗಿರುವುದಿಲ್ಲ, ಒಂದು ನಿಮಿಷದಲ್ಲಿ ಹೋಗುತ್ತದೆ. ಹೇಳದಿದ್ದರೆ ಗಾಬರಿಯಾಗಿ ಅಲುಗಾಡುತ್ತಾರೆ, ಚಿತ್ರ ಕೆಡುತ್ತದೆ. ಉಸಿರಾಟದ ತೊಂದರೆ, ಮೈಮೇಲೆ ದದ್ದು ಬಂದರೆ ಮಾತ್ರ ತಕ್ಷಣ ಕೂಗಿ ಹೇಳಬೇಕು. ಹಿಂದೆ ಯಾವಾಗಲಾದರೂ ಕಾಂಟ್ರಾಸ್ಟ್ ಅಲರ್ಜಿ ಆಗಿದ್ದರೆ ಮೊದಲೇ ತಿಳಿಸಿ.

ರೇಡಿಯೇಷನ್ ಅಂದಿರಿ. ಹೊಟ್ಟೆಯ ಒಂದು ಸಿಟಿಗೆ ಸುಮಾರು 8ರಿಂದ 10 ಮಿಲಿಸೀವರ್ಟ್. ನಾವೆಲ್ಲ ನೆಲದಿಂದ, ಗಾಳಿಯಿಂದ, ಆಕಾಶದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತೆಗೆದುಕೊಳ್ಳುತ್ತಲೇ ಇರುತ್ತೇವೆ. 66 ವರ್ಷದ ಅಮ್ಮನಿಗೆ, ಐದನೇ ದಿನ, ಅಗತ್ಯವಾದ ಒಂದು ಸಿಟಿಯ ಬಗ್ಗೆ ನಾನು ಯೋಚನೆ ಮಾಡುವುದಿಲ್ಲ. ಇಪ್ಪತ್ತೈದರ ಹುಡುಗನಿಗೆ ಮೂರು ದಿನಕ್ಕೊಮ್ಮೆ 'ಹೇಗಿದೆ ನೋಡೋಣ' ಅಂತ ಸಿಟಿ ಮಾಡುತ್ತಿದ್ದರೆ ಯಾಕೆ ಅಂತ ಖಂಡಿತ ಕೇಳಬೇಕು. ರೋಗಿ ಸುಧಾರಿಸುತ್ತಿದ್ದರೆ ಚಿತ್ರ ಬೇಡ. ಜ್ವರ ಬಂತು, ನೋವು ಜಾಸ್ತಿಯಾಯಿತು, ಹಿಮೋಗ್ಲೋಬಿನ್ ಕುಸಿಯಿತು, ಆಗ ಬೇಕು.

ಪ್ರಶ್ನೆ: ನಾನು ಏಳು ತಿಂಗಳ ಗರ್ಭಿಣಿ. ಪಿತ್ತಕೋಶದ ಕಲ್ಲಿನಿಂದ ಪ್ಯಾಂಕ್ರಿಯಾಟೈಟಿಸ್ ಆಗಿದೆ. ಎಂಆರ್‌ಐ ಬರೆದಿದ್ದಾರೆ. ಮಗುವಿಗೆ ತೊಂದರೆಯಾ? — ಹೆಸರು ಬೇಡ

ಉತ್ತರ: ಎಂಆರ್‌ಐನಲ್ಲಿ ಎಕ್ಸ್‌ರೇ ಕಿರಣ ಇಲ್ಲ, ಆಯಸ್ಕಾಂತ ಮತ್ತು ರೇಡಿಯೋ ಅಲೆ ಅಷ್ಟೇ. ಅಲ್ಟ್ರಾಸೌಂಡಿನಲ್ಲಿ ಪಿತ್ತನಾಳ ಸರಿಯಾಗಿ ಕಾಣದಿದ್ದರೆ ನಿಮಗೆ ಸರಿಯಾದ ಪರೀಕ್ಷೆ ಅದೇ. ಗ್ಯಾಡೊಲಿನಿಯಂ ಅನ್ನುವ ಇಂಜೆಕ್ಷನ್ ಮಾತ್ರ ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, ನಾಳದಲ್ಲಿ ಕಲ್ಲು ನೋಡಲು ಅದು ಬೇಕಾಗಿಯೂ ಇಲ್ಲ. ಮಷೀನಿನ ಸದ್ದು ಜೋರು, ಮಲಗುವುದು ಕಷ್ಟ. ಸ್ವಲ್ಪ ಎಡಕ್ಕೆ ವಾಲಿಸಿ ಮಲಗಿಸಲು ಹೇಳಿ.

ಪ್ರಶ್ನೆ: ನನಗೆ 41. ಒಂದು ವರ್ಷದಲ್ಲಿ ಎರಡು ಸಲ ಪ್ಯಾಂಕ್ರಿಯಾಟೈಟಿಸ್ ಆಯಿತು. ಕುಡಿಯುವುದಿಲ್ಲ. ಅಲ್ಟ್ರಾಸೌಂಡ್ ಎರಡು ಸಲವೂ ಕಲ್ಲಿಲ್ಲ ಅಂದಿತು. ಒಬ್ಬ ಡಾಕ್ಟರ್ ಎಂಆರ್‌ಸಿಪಿ ಅಂದರು, ಇನ್ನೊಬ್ಬರು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಅಂದರು, ಗೆಳೆಯನೊಬ್ಬ ಇಆರ್‌ಸಿಪಿ ಮಾಡಿಸಿಬಿಡು ಎಲ್ಲ ಗೊತ್ತಾಗುತ್ತದೆ ಅನ್ನುತ್ತಾನೆ. ಮೂರೂ ಒಂದೇನಾ? — ಶ್ರೀಧರ್

ಉತ್ತರ: ಒಂದೇ ಅಲ್ಲ, ಮತ್ತು ಗೆಳೆಯನ ಮಾತು ಕೇಳಬೇಡಿ.

ಎಂಆರ್‌ಸಿಪಿ ಎಂಆರ್‌ಐನದ್ದೇ ಒಂದು ಬಗೆ. 1991ರ ಸುಮಾರಿಗೆ ಬಂತು. ನಿಂತ ನೀರು ಮಾತ್ರ ಬೆಳ್ಳಗೆ ಹೊಳೆಯುವಂತೆ, ಉಳಿದದ್ದೆಲ್ಲ ಕಪ್ಪಾಗುವಂತೆ ಮಷೀನನ್ನು ಹೊಂದಿಸುತ್ತಾರೆ. ಪಿತ್ತನಾಳದಲ್ಲಿ ಪಿತ್ತ, ಪ್ಯಾಂಕ್ರಿಯಾಸಿನ ನಾಳದಲ್ಲಿ ಅದರ ರಸ, ಎರಡೂ ದ್ರವವೇ, ಹಾಗಾಗಿ ನಾಳಗಳ ಪೂರಾ ಜಾಲ ಒಂದೇ ಚಿತ್ರದಲ್ಲಿ ಬಿಳಿ ಗೆರೆಗಳಾಗಿ ಬರುತ್ತದೆ. ಕಲ್ಲಿದ್ದರೆ ಆ ಬಿಳಿ ಗೆರೆಯೊಳಗೆ ಕಪ್ಪು ಚುಕ್ಕೆ. ನಾಳ ಹುಟ್ಟಿನಿಂದಲೇ ಬೇರೆ ಥರ ಜೋಡಣೆಯಾಗಿದ್ದರೆ, ಎಲ್ಲೋ ಕಿರಿದಾಗಿದ್ದರೆ ಅದೂ ತಿಳಿಯುತ್ತದೆ. ಸೂಜಿ ಬೇಡ, ಕೊಳವೆ ಬೇಡ. ಉಸಿರು ಹಿಡಿ ಅಂದಾಗ ಹಿಡಿಯಬೇಕು, ಅಷ್ಟೇ. ಆದರೆ ತೀರಾ ಸಣ್ಣ ಕಲ್ಲು, ಮೂರು ನಾಲ್ಕು ಮಿಲಿಮೀಟರಿನದ್ದು, ತಪ್ಪಿಸಿಕೊಳ್ಳಬಹುದು.

ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಅಲ್ಲಿ ಗೆಲ್ಲುತ್ತದೆ. ಬಾಯಿಂದ ಕೊಳವೆ ಇಳಿಸಿ, ಅದರ ತುದಿಯಲ್ಲಿರುವ ಪುಟ್ಟ ಅಲ್ಟ್ರಾಸೌಂಡನ್ನು ಜಠರ ಮತ್ತು ಸಣ್ಣ ಕರುಳಿನ ಒಳಗೋಡೆಗೆ ಒತ್ತಿ ನೋಡುತ್ತಾರೆ. ಹೊಟ್ಟೆಯ ಮೇಲಿಂದ ನೋಡುವಾಗ ಅಡ್ಡ ಬಂದ ಗಾಳಿಯ ಗೋಜೇ ಇಲ್ಲ, ಯಾಕೆಂದರೆ ಪ್ಯಾಂಕ್ರಿಯಾಸ್ ಗೋಡೆಯ ಆಚೆಗೇ ಇದೆ. ಮರಳಿನಂಥ ಕಲ್ಲು, ಪಿತ್ತಕೋಶದ ಕೆಸರು, ಗ್ರಂಥಿಯೊಳಗಿನ ಸಣ್ಣ ಗಡ್ಡೆ, ದೀರ್ಘಕಾಲದ ಊತದ ಆರಂಭದ ಗುರುತು, ಇವನ್ನು ಹಿಡಿಯುವಷ್ಟು ಹತ್ತಿರದಿಂದ ಇನ್ಯಾವ ಸ್ಕ್ಯಾನೂ ನೋಡುವುದಿಲ್ಲ. ಮತ್ತಿನ ಔಷಧಿ ಬೇಕು, ಮಾಡುವವರ ಕೈ ಪಳಗಿರಬೇಕು.

ಇಆರ್‌ಸಿಪಿಯಲ್ಲಿ ನಾಳದ ಬಾಯೊಳಗೇ ಕೊಳವೆ ತೂರಿಸುತ್ತಾರೆ. ಕಲ್ಲು ತೆಗೆಯಲು, ಸ್ಟೆಂಟ್ ಇಡಲು ಅದಕ್ಕೆ ಸಾಟಿ ಇಲ್ಲ. ಆದರೆ ಅದರಿಂದಲೇ ನೂರರಲ್ಲಿ 3ರಿಂದ 10 ಜನರಿಗೆ ಪ್ಯಾಂಕ್ರಿಯಾಟೈಟಿಸ್ ಬರುತ್ತದೆ! ಸುಮ್ನೆ ನೋಡುವುದಕ್ಕೆ ಅಂತ ಅದನ್ನು ಮಾಡುವ ಕಾಲ ಹೋಯಿತು. ಎಂಆರ್‌ಸಿಪಿಯೋ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡೋ ನಾಳದಲ್ಲಿ ಕಲ್ಲಿದೆ ಅಂತ ತೋರಿಸಿದ ಮೇಲೆ, ಅಥವಾ ಪಿತ್ತನಾಳ ಕಟ್ಟಿ ಚಳಿಜ್ವರ, ಕಾಮಾಲೆ ಬಂದು ತುರ್ತಾದಾಗ ಮಾಡುವ ಕೆಲಸ ಅದು.

ನಿಮ್ಮ ವಿಷಯದಲ್ಲಿ ಇಬ್ಬರು ಡಾಕ್ಟರೂ ಸರಿ. ಎರಡನ್ನೂ ಮಾಡಿಸಬೇಕಾಗಿ ಬರಬಹುದು, ಮೊದಲು ಯಾವುದು ಅನ್ನುವುದಷ್ಟೇ ಪ್ರಶ್ನೆ. ನೋವು ಪೂರ್ತಿ ಇಳಿದು ಕೆಲವು ವಾರ ಕಳೆದ ಮೇಲೆ ಮಾಡಿಸಿ, ಊತ ಇರುವಾಗ ಗ್ರಂಥಿಯ ಒಳಗಿನ ಸೂಕ್ಷ್ಮ ಕಾಣುವುದಿಲ್ಲ. ಅಷ್ಟರಲ್ಲಿ ರಕ್ತದ ಟ್ರೈಗ್ಲಿಸರೈಡ್ ಮತ್ತು ಕ್ಯಾಲ್ಸಿಯಂ ನೋಡಿಸಿದ್ದೀರಾ? ಟ್ರೈಗ್ಲಿಸರೈಡ್ 1,000 ದಾಟಿದರೆ ಅದೊಂದೇ ಸಾಕು ಈ ಕಾಯಿಲೆ ತರಲು, ಅದನ್ನು ಯಾವ ಸ್ಕ್ಯಾನೂ ತೋರಿಸುವುದಿಲ್ಲ.

ಪ್ರಶ್ನೆ: ಗಂಡನಿಗೆ ಪ್ಯಾಂಕ್ರಿಯಾಟೈಟಿಸ್ ಆಗಿ ಆರು ವಾರ. ಮನೆಯಲ್ಲಿದ್ದಾರೆ, ಊಟ ಮಾಡುತ್ತಾರೆ, ಜ್ವರ ಇಲ್ಲ. ಮೊನ್ನೆ ಸಿಟಿಯಲ್ಲಿ 9 ಸೆಂಟಿಮೀಟರಿನ 'ಸ್ಯೂಡೋಸಿಸ್ಟ್' ಬಂದಿದೆ. ಅಷ್ಟು ದೊಡ್ಡದನ್ನು ಹಾಗೇ ಬಿಡುತ್ತಾರಾ? ಡಾಕ್ಟರ್ ನೋಡೋಣ ಅನ್ನುತ್ತಾರೆ. — ಶೋಭಾ

ಉತ್ತರ: ಬಿಡುತ್ತಾರೆ. ಗಾತ್ರ ಒಂದನ್ನೇ ನೋಡಿ ಸೂಜಿ ಚುಚ್ಚುವ ಕಾಲ ಇದಲ್ಲ. ತೊಂದರೆ ಕೊಡುತ್ತಿದೆಯಾ ಅನ್ನುವುದು ಮುಖ್ಯ. ನೋವು, ಉಂಡದ್ದು ಕೆಳಗೆ ಇಳಿಯದೆ ವಾಂತಿ, ಕಾಮಾಲೆ, ಜ್ವರ, ಇವು ಯಾವುದೂ ಇಲ್ಲದಿದ್ದರೆ ಕಾಯುವುದೇ ಸರಿ, ಎಷ್ಟೋ ಸಲ ತಾನಾಗಿಯೇ ಕುಗ್ಗುತ್ತದೆ.

ಆದರೆ ರಿಪೋರ್ಟಿನ ಆ ಪದವನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ನಾಲ್ಕು ವಾರದ ಒಳಗೆ ಸುತ್ತ ಕೂಡಿದ ದ್ರವಕ್ಕೆ ಗಟ್ಟಿ ಗೋಡೆ ಇರುವುದಿಲ್ಲ, ಆಮೇಲೆ ಕಟ್ಟಿಕೊಳ್ಳುತ್ತದೆ. ಗೋಡೆಯೊಳಗೆ ಬರೀ ನೀರಿದ್ದರೆ ಸ್ಯೂಡೋಸಿಸ್ಟ್. ಸತ್ತ ಅಂಗಾಂಶದ ಚೂರುಗಳೂ ಇದ್ದರೆ ಅದಕ್ಕೆ ವಾಲ್ಡ್ ಆಫ್ ನೆಕ್ರೋಸಿಸ್ ಅನ್ನುತ್ತಾರೆ. ಸಿಟಿಯಲ್ಲಿ ಎರಡೂ ಒಂದೇ ಬೂದು ಬಣ್ಣ, ಮೋಸ ಹೋಗುವುದು ಸುಲಭ. ಎಂಆರ್‌ಐ ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡಿನಲ್ಲಿ ನೀರೊಳಗೆ ಚೂರುಗಳು ಕೂತಿರುವುದು ಕಾಣುತ್ತದೆ. ಇದು ಹೆಸರಿನ ಜಗಳ ಅಲ್ಲ. ಮುಂದೆ ಖಾಲಿ ಮಾಡಬೇಕಾಗಿ ಬಂದರೆ ನೀರು ಸಣ್ಣ ಕೊಳವೆಯಲ್ಲಿ ಹರಿದುಹೋಗುತ್ತದೆ, ಚೂರುಗಳು ಹೋಗುವುದಿಲ್ಲ, ಕೊಳವೆ ಕಟ್ಟಿಕೊಂಡು ಕೀವಾಗುತ್ತದೆ. ಅದಕ್ಕೆ ಜಠರದ ಗೋಡೆಯ ಮೂಲಕ ದೊಡ್ಡ ಸ್ಟೆಂಟ್ ಇಟ್ಟು ದಾರಿ ಮಾಡಬೇಕಾಗುತ್ತದೆ. ನಿಮ್ಮವರ ಮೊದಲ ಸಿಟಿಯಲ್ಲಿ ನೆಕ್ರೋಸಿಸ್ ಇತ್ತಾ ನೋಡಿ. ಇದ್ದಿದ್ದರೆ ಈಗಿರುವುದು ಬರೀ ನೀರು ಆಗಿರುವ ಸಾಧ್ಯತೆ ಕಮ್ಮಿ.

ಇನ್ನೆರಡು ವಿಷಯ. ಖಾಲಿ ಮಾಡುವ ಮುಂಚೆ ಅಪಧಮನಿಗಳು ಕಾಣುವಂಥ ಸಿಟಿ ಆಗಿರಲೇಬೇಕು. ಪ್ಯಾಂಕ್ರಿಯಾಸಿನ ರಸ ಪಕ್ಕದ ರಕ್ತನಾಳದ ಗೋಡೆಯನ್ನು ತಿಂದು ಅಲ್ಲೊಂದು ಉಬ್ಬು ಮಾಡಿರಬಹುದು, ಗೊತ್ತಿಲ್ಲದೆ ಚುಚ್ಚಿದರೆ ರಕ್ತ ನಿಲ್ಲಿಸುವುದು ಕಷ್ಟ. ಮನೆಯಲ್ಲಿದ್ದಾಗ ಇದ್ದಕ್ಕಿದ್ದಂತೆ ನೋವು ಬಂದು ಮುಖ ಬಿಳಿಚಿಕೊಂಡರೆ, ಕಪ್ಪು ಮಲ ಹೋದರೆ ಬೆಳಗಾಗಲಿ ಅಂತ ಕಾಯಬೇಡಿ. ಎರಡನೆಯದು ಜ್ವರ. ಜ್ವರ ಬಂದು, ಸಿಟಿಯಲ್ಲಿ ಆ ದ್ರವದೊಳಗೆ ಗಾಳಿಯ ಸಣ್ಣ ಕಪ್ಪು ಗುಳ್ಳೆಗಳು ಕಂಡರೆ ಸೋಂಕು ತಗುಲಿದೆ ಅಂತ ಬಲವಾದ ಅನುಮಾನ. ಗುಳ್ಳೆ ಇಲ್ಲ ಅಂದಮಾತ್ರಕ್ಕೆ ಸೋಂಕಿಲ್ಲ ಅಂತಲೂ ಅಲ್ಲ. ಆಗಲೂ ಗಡಿಬಿಡಿ ಮಾಡುವುದಿಲ್ಲ, ರೋಗಿ ತಡೆದುಕೊಳ್ಳುವಂತಿದ್ದರೆ ಆಂಟಿಬಯೋಟಿಕ್ ಕೊಟ್ಟು ಗೋಡೆ ಗಟ್ಟಿಯಾಗುವವರೆಗೆ ಕಾಯುತ್ತಾರೆ. 2021ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದರಲ್ಲಿ ಹೀಗೆ ಕಾದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಕೊಳವೆಯೇ ಬೇಕಾಗಲಿಲ್ಲ.

ಪ್ರಶ್ನೆ: ಹೆಲ್ತ್ ಚೆಕಪ್ ಅಲ್ಟ್ರಾಸೌಂಡಿನಲ್ಲಿ 'ಪ್ಯಾಂಕ್ರಿಯಾಸಿನಲ್ಲಿ ಕೊಬ್ಬು, ಬೆಳ್ಳಗೆ ಕಾಣುತ್ತಿದೆ' ಅಂತ ಬಂದಿದೆ. ನೋವಿಲ್ಲ. ಇದು ಊತದ ಶುರುವಾ? — ನಾಗರಾಜ್

ಉತ್ತರ: ಅಲ್ಲ. ವಯಸ್ಸು, ತೂಕ ಏರಿದ ಹಾಗೆ ಹೀಗೆ ಕಾಣುವುದು ತೀರಾ ಸಾಮಾನ್ಯ. ಊತ ಬಂದ ಗ್ರಂಥಿ ಅಲ್ಟ್ರಾಸೌಂಡಿನಲ್ಲಿ ಹೆಚ್ಚಾಗಿ ಕಪ್ಪಾಗುತ್ತದೆ. ತೂಕ, ಶುಗರ್, ಕೊಲೆಸ್ಟರಾಲ್ ನೋಡಿಕೊಳ್ಳಿ. ಇದಕ್ಕೆ ಅಂತ ಸಿಟಿ ಬೇಡ.

ಪ್ರಶ್ನೆ: ಅಣ್ಣನಿಗೆ 62. ಮೊದಲ ಸಲ ಪ್ಯಾಂಕ್ರಿಯಾಟೈಟಿಸ್ ಆಗಿ ಪೂರ್ತಿ ವಾಸಿಯಾಗಿದೆ. ಕಲ್ಲಿಲ್ಲ, ಕುಡಿತ ಇಲ್ಲ, ಕಾರಣ ಸಿಗಲಿಲ್ಲ. ಎರಡು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ ಅಂದಿದ್ದಾರೆ. ಚೆನ್ನಾಗಿರುವ ಮನುಷ್ಯನಿಗೆ ಯಾಕೆ ಅಂತ ಅವನು ಹೋಗಲು ಒಪ್ಪುತ್ತಿಲ್ಲ. ಹೋದರೂ ಬೇರೆ ಕಡೆ ತೋರಿಸುತ್ತಾನಂತೆ. ಏನು ತೆಗೆದುಕೊಂಡು ಹೋಗಬೇಕು? — ಗಿರೀಶ್

ಉತ್ತರ: ಇದನ್ನು ತಪ್ಪಿಸಬೇಡಿ. ಈ ವಯಸ್ಸಿನಲ್ಲಿ ಕಾರಣ ಸಿಗದೆ ಮೊದಲ ಸಲ ಊತ ಬಂದರೆ, ಗ್ರಂಥಿಯೊಳಗೆ ಸಣ್ಣದೊಂದು ಗಡ್ಡೆ ನಾಳವನ್ನು ಒತ್ತುತ್ತಿದೆಯಾ ಅಂತ ನೋಡಲೇಬೇಕು. ಇರುವುದು ಕೆಲವರಿಗೆ ಮಾತ್ರ, ಆದರೆ ಇದ್ದರೆ ಬೇಗ ಸಿಗುವುದು ಹೀಗೆಯೇ. ಊತ ಇದ್ದಾಗ ತೆಗೆದ ಚಿತ್ರದಲ್ಲಿ ಗಡ್ಡೆ ಅಡಗಿ ಕೂತಿರುತ್ತದೆ, ಊತ ಇಳಿದ ಮೇಲೆಯೇ ಗ್ರಂಥಿ ಬಿಡಿಬಿಡಿಯಾಗಿ ಕಾಣುವುದು. ಅದಕ್ಕೇ ಎರಡು ತಿಂಗಳು. ನಾಳ ಒಂದು ಕಡೆ ಹಠಾತ್ತನೆ ನಿಂತುಹೋಗಿ ಅದರ ಹಿಂದೆ ಹಿಗ್ಗಿದೆಯಾ ಅಂತ ನಾವು ಮೊದಲು ನೋಡುವುದು. ಗಡ್ಡೆ ಥರ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ ಅಂತಲೂ ಅಣ್ಣನಿಗೆ ಹೇಳಿ. ದೇಹದ ರೋಗನಿರೋಧಕ ಶಕ್ತಿಯೇ ಪ್ಯಾಂಕ್ರಿಯಾಸಿನ ಮೇಲೆ ತಿರುಗಿಬೀಳುವ ಒಂದು ಬಗೆಯ ಊತವೂ ಹಾಗೇ ಕಾಣುತ್ತದೆ, ಅದು ಸ್ಟೀರಾಯ್ಡ್ ಮಾತ್ರೆಗೆ ಕರಗುತ್ತದೆ.

ಬೇರೆ ಕಡೆ ಹೋಗುವುದಾದರೆ ಹೋಗಲಿ, ಆದರೆ ರಿಪೋರ್ಟಿನ ಹಾಳೆ ಮಾತ್ರ ಹಿಡಿದುಕೊಂಡು ಹೋಗಬಾರದು. ಹಿಂದಿನ ಸಿಟಿಯ ಸಿಡಿ ಕೇಳಿ ಪಡೆಯಿರಿ, ಅದರಲ್ಲಿ ನೂರಾರು ಚಿತ್ರ ಇರುತ್ತವೆ. ಫಿಲ್ಮಿನಲ್ಲಿ ಬರುವುದು ಆಯ್ದ ಕೆಲವು, ಮೊಬೈಲಿನಲ್ಲಿ ಅದರ ಫೋಟೋ ತೆಗೆದದ್ದಂತೂ ಯಾವ ಪ್ರಯೋಜನಕ್ಕೂ ಇಲ್ಲ. ಸಿಡಿಯ ಕವರಿನ ಮೇಲೆ ಪೆನ್ನಿನಲ್ಲಿ ಎರಡು ತಾರೀಖು ಬರೆಯಿರಿ, ನೋವು ಶುರುವಾದದ್ದು ಒಂದು, ಸ್ಕ್ಯಾನ್ ಆದದ್ದು ಇನ್ನೊಂದು. ಹಳೆಯ ಚಿತ್ರವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿ ಅಂತ ಅಲ್ಲಿಯವರಿಗೆ ಬಾಯಿಬಿಟ್ಟು ಹೇಳಿ, ಕೆಲವರು ಕೇಳದೆ ತೆರೆಯುವುದಿಲ್ಲ.